ಲೋಹದ ಆಕ್ಸೈಡ್ ಮೇಲ್ಮೈ ಮತ್ತು ಅಂಟು ಜೋಡಣೆ: ಸಾರ್ವಜನಿಕರು ಹಾಗೂ ಸಣ್ಣ ಉದ್ದಿಮೆದಾರರ ತಿಳಿವಳಿಕೆಗಾಗಿ

ಪೀಠಿಕೆ

ಲೋಹದ ತಗಡುಗಳನ್ನು ಅಂಟಿನಿಂದ ಜೋಡಿಸುವ, ಬಣ್ಣ ಹಚ್ಚುವ ಅಥವಾ ಪೌಡರ್ ಕೋಟಿಂಗ್ ಮಾಡುವ ಘಟಕಗಳನ್ನು ಸ್ಥಾಪಿಸಲು ಅರ್ಜಿ ಸಲ್ಲಿಸುವ ಉದ್ದಿಮೆದಾರರಿಗೂ, ಮನೆಯ ಗ್ರಿಲ್, ಗೇಟು ಹಾಗೂ ಚಾವಣಿಯ ಶೀಟುಗಳಿಗೆ ಬಣ್ಣ ಹಚ್ಚಿಸುವ ಸಾರ್ವಜನಿಕರಿಗೂ ಉಪಯುಕ್ತವಾಗಲೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಅಂಟು ಮಳೆಗಾಲ ಮುಗಿಯುವಷ್ಟರಲ್ಲಿ ಬಿಟ್ಟುಹೋಗುವುದು, ಹೊಸ ಶೀಟಿಗೆ ಹಚ್ಚಿದ ಬಣ್ಣ ಹಾಳೆಯಂತೆ ಎದ್ದು ಬರುವುದು ಸಾಮಾನ್ಯ ಅನುಭವವಾಗಿದೆ. ಇಂತಹ ಸಂದರ್ಭಗಳಲ್ಲಿ ಅಂಟು ಅಥವಾ ಬಣ್ಣ ಕಳಪೆಯಾಗಿತ್ತೆಂದು ಭಾವಿಸಿ ಹೆಚ್ಚು ಬೆಲೆಯ ಸಾಮಗ್ರಿಯನ್ನು ಕೊಳ್ಳಲಾಗುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವು ಅಂಟಿನಲ್ಲಿರದೆ, ಅಂಟನ್ನು ಹಚ್ಚುವ ಮೊದಲು ಲೋಹದ ಮೇಲ್ಮೈ ಯಾವ ಸ್ಥಿತಿಯಲ್ಲಿತ್ತು ಎಂಬುದರಲ್ಲಿ ಇರುತ್ತದೆ. ಜೋಡಣೆ ಪೂರ್ಣಗೊಂಡ ನಂತರ ಆ ಮೇಲ್ಮೈ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಪರಿಶೀಲನೆಯನ್ನು ಅಂಟು ಹಚ್ಚುವ ಮೊದಲೇ ಮಾಡಬೇಕಾಗುತ್ತದೆ. ಇದಕ್ಕೆ ಕಾರಣವಾದ ವಿಜ್ಞಾನವನ್ನು ಈ ಕೆಳಗೆ ವಿವರಿಸಲಾಗಿದೆ.

1. ಅಂಟು ಹಿಡಿಯುವುದು ಲೋಹವನ್ನಲ್ಲ

ಚಿನ್ನದಂತಹ ಕೆಲವೇ ಲೋಹಗಳನ್ನು ಬಿಟ್ಟರೆ, ದಿನಬಳಕೆಯ ಎಲ್ಲ ಲೋಹಗಳೂ ಗಾಳಿಗೆ ತೆರೆದುಕೊಂಡ ಕೂಡಲೇ ಆಮ್ಲಜನಕದೊಡನೆ ಸೇರಿ ತಮ್ಮ ಮೇಲೆ ಆಕ್ಸೈಡಿನ ಪದರವೊಂದನ್ನು ಬೆಳೆಸಿಕೊಳ್ಳುತ್ತವೆ. ಅಲ್ಯೂಮಿನಿಯಂ ಮೇಲೆ ಸಹಜವಾಗಿ ಬೆಳೆಯುವ ಈ ಪದರದ ದಪ್ಪ ಸುಮಾರು 2ರಿಂದ 4 ನ್ಯಾನೋಮೀಟರ್ ಮಾತ್ರ. ಅಂದರೆ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಭಾಗ. ಉಜ್ಜಿ ತೆಗೆದರೂ ಇದು ಕ್ಷಣಮಾತ್ರದಲ್ಲಿ ಮತ್ತೆ ಬೆಳೆಯುತ್ತದೆ.

ಹೀಗಾಗಿ ಅಲ್ಯೂಮಿನಿಯಂ ತಗಡಿಗೆ ಹಚ್ಚಿದ ಅಂಟು ಅಲ್ಯೂಮಿನಿಯಂ ಲೋಹವನ್ನು ಮುಟ್ಟುವುದೇ ಇಲ್ಲ. ಅದು ಅಲ್ಯೂಮಿನಿಯಂ ಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣಕ್ಕೆ ಹಚ್ಚಿದ್ದು ಕಬ್ಬಿಣದ ಆಕ್ಸೈಡನ್ನೂ, ಸತುವಿನ ಲೇಪವಿರುವ ಜಿ.ಐ. ಶೀಟಿಗೆ ಹಚ್ಚಿದ್ದು ಸತುವಿನ ಆಕ್ಸೈಡ್ ಮತ್ತು ಅದರಿಂದಾದ ಇತರ ಸಂಯುಕ್ತಗಳನ್ನೂ ಹಿಡಿದುಕೊಳ್ಳುತ್ತವೆ. ಆಕ್ಸೈಡ್ ಪದರವು ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಜೋಡಣೆಯೂ ಗಟ್ಟಿಯಾಗಿರುತ್ತದೆ. ತುಕ್ಕಿನಂತೆ ಸಡಿಲವಾಗಿದ್ದಲ್ಲಿ ಅಂಟು ಎಷ್ಟೇ ಉತ್ತಮವಾಗಿದ್ದರೂ ಆ ತುಕ್ಕಿನೊಡನೆಯೇ ಕಿತ್ತುಬರುತ್ತದೆ.

2. ಆಕ್ಸೈಡ್ ಪುಡಿಗಳ ಅಧ್ಯಯನ

ಇಷ್ಟು ತೆಳುವಾದ ಪದರವನ್ನು ತಗಡಿನ ಮೇಲೆಯೇ ಪರೀಕ್ಷಿಸುವುದು ಕಷ್ಟ. ಆದ್ದರಿಂದ ಅದೇ ಆಕ್ಸೈಡನ್ನು ಪುಡಿಯ ರೂಪದಲ್ಲಿ ತೆಗೆದುಕೊಂಡು ಅಧ್ಯಯನ ಮಾಡುವ ಕ್ರಮವಿದೆ. ಪುಡಿಯಲ್ಲಿ ಮೇಲ್ಮೈ ವಿಸ್ತೀರ್ಣ ಬಹಳ ಹೆಚ್ಚು ಇರುವುದೇ ಇದಕ್ಕೆ ಕಾರಣ.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಪ್ರತಿ ಬದಿಯೂ 1 ಸೆಂಟಿಮೀಟರ್ ಇರುವ ಘನಾಕೃತಿಯ ತುಂಡೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೋಮೀಟರ್ ಬದಿಯ ಸಣ್ಣ ಘನಗಳನ್ನಾಗಿ ಕತ್ತರಿಸಿದಲ್ಲಿ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ಬೆರಳ ತುದಿಯಲ್ಲಿ ಹಿಡಿಯಬಹುದಾದ ಪುಡಿಯ ಮೇಲ್ಮೈಯು 30×40 ಅಡಿಯ ಐದು ನಿವೇಶನಗಳಿಗಿಂತ ಹೆಚ್ಚಿನ ವಿಸ್ತೀರ್ಣವನ್ನು ಹೊಂದಿರುತ್ತದೆ. ಪುಡಿಯ ಮೇಲೆ ಅನಿಲವು ಎಷ್ಟು ಪ್ರಮಾಣದಲ್ಲಿ ಕುಳಿತುಕೊಳ್ಳುತ್ತದೆ ಎಂಬುದರಿಂದ ಈ ವಿಸ್ತೀರ್ಣವನ್ನು ಲೆಕ್ಕ ಹಾಕುವ ವಿಧಾನವನ್ನು ಬ್ರುನೌವರ್, ಎಮೆಟ್ ಮತ್ತು ಟೆಲ್ಲರ್ ಎಂಬ ವಿಜ್ಞಾನಿಗಳು 1938ರಲ್ಲಿ ಪ್ರಕಟಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಬಿ.ಇ.ಟಿ. ಎಂದು ಕರೆಯಲಾಗುವ ಈ ವಿಧಾನವು ಇಂದಿಗೂ ಬಳಕೆಯಲ್ಲಿದೆ.

ಇಂತಹ ಪುಡಿಗಳ ಅಧ್ಯಯನದಿಂದ ತಿಳಿದುಬಂದ ಮುಖ್ಯ ವಿಷಯವೆಂದರೆ, ಆಕ್ಸೈಡಿನ ಹೊರಮೈ ಬರಿಯ ಆಕ್ಸೈಡ್ ಆಗಿ ಉಳಿಯುವುದಿಲ್ಲ. ಹೊರಗಿನ ಸಾಲಿನ ಪರಮಾಣುಗಳಿಗೆ ಒಂದು ಕಡೆ ಜೊತೆಗಾರರಿರುವುದಿಲ್ಲ. ಆ ಕೊರತೆಯನ್ನು ಅವು ಗಾಳಿಯಲ್ಲಿರುವ ನೀರಿನ ಆವಿಯಿಂದ ತುಂಬಿಕೊಳ್ಳುತ್ತವೆ. ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ಎಂಬ ಗುಂಪುಗಳಾಗಿ ಮೇಲ್ಮೈಯ ತುಂಬ ನೆಲೆಸುತ್ತದೆ. ಪೂರ್ಣವಾಗಿ ತೇವಗೊಂಡ ಸಿಲಿಕಾ ಮೇಲ್ಮೈಯ ಪ್ರತಿ ಚದರ ನ್ಯಾನೋಮೀಟರಿಗೆ ಇಂತಹ ಸುಮಾರು 5 ಗುಂಪುಗಳು ಇರುತ್ತವೆ. ಈ ಗುಂಪುಗಳ ಮೇಲೆ ಗಾಳಿಯ ತೇವವು ಮತ್ತೆ ಕೆಲವು ಅಣುಗಳಷ್ಟು ದಪ್ಪದ ಪದರವಾಗಿ ಕುಳಿತಿರುತ್ತದೆ. ಕಣ್ಣಿಗೆ ಒಣಗಿದಂತೆ ಕಾಣುವ ತಗಡಿಗೂ ಈ ಮಾತು ಅನ್ವಯಿಸುತ್ತದೆ.

ಎಪಾಕ್ಸಿ ಮುಂತಾದ ಅಂಟುಗಳು ಆಕ್ಸೈಡನ್ನು ಹಿಡಿಯಲು ಕೈಚಾಚುವುದು ಈ ಹೈಡ್ರಾಕ್ಸಿಲ್ ಗುಂಪುಗಳ ಕಡೆಗೇ. ಎಣ್ಣೆ, ಗ್ರೀಸ್, ಬೆರಳಿನ ಜಿಡ್ಡು ಇವುಗಳನ್ನು ಮುಚ್ಚಿಬಿಟ್ಟಿದ್ದರೆ ಅಂಟಿಗೆ ಹಿಡಿಯಲು ಆಸರೆಯೇ ಇರುವುದಿಲ್ಲ.

3. ಆಕ್ಸೈಡುಗಳ ಆಮ್ಲೀಯ ಮತ್ತು ಕ್ಷಾರೀಯ ಗುಣ

ಎಲ್ಲ ಆಕ್ಸೈಡುಗಳ ಹೈಡ್ರಾಕ್ಸಿಲ್ ಗುಂಪುಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಕೆಲವು ಆಮ್ಲದಂತೆಯೂ, ಕೆಲವು ಕ್ಷಾರದಂತೆಯೂ ನಡೆದುಕೊಳ್ಳುತ್ತವೆ. ಪುಡಿಯನ್ನು ನೀರಿನಲ್ಲಿ ಕದಡಿ, ನೀರಿನ ಪಿಎಚ್ ಮೌಲ್ಯವನ್ನು ಬದಲಿಸುತ್ತ ಹೋದಾಗ ಒಂದು ಹಂತದಲ್ಲಿ ಕಣಗಳ ಮೇಲಿನ ಒಟ್ಟು ವಿದ್ಯುದಾವೇಶ ಶೂನ್ಯವಾಗುತ್ತದೆ. ಈ ಹಂತಕ್ಕೆ ಸಮವಿದ್ಯುತ್ ಬಿಂದು ಎನ್ನುತ್ತಾರೆ. ಕಡಿಮೆ ಮೌಲ್ಯವಿದ್ದರೆ ಆಮ್ಲೀಯ ಮೇಲ್ಮೈ, ಹೆಚ್ಚು ಮೌಲ್ಯವಿದ್ದರೆ ಕ್ಷಾರೀಯ ಮೇಲ್ಮೈ ಎಂದು ತಿಳಿಯಬೇಕು. ಸಾಮಾನ್ಯ ಆಕ್ಸೈಡುಗಳ ಅಂದಾಜು ಮೌಲ್ಯಗಳು ಈ ಕೆಳಕಂಡಂತೆ ಇರುತ್ತವೆ:

ಅ) ಸಿಲಿಕಾ: ಸುಮಾರು 2
ಆ) ಟೈಟಾನಿಯಂ ಡೈಆಕ್ಸೈಡ್: ಸುಮಾರು 6
ಇ) ಕಬ್ಬಿಣದ ಆಕ್ಸೈಡ್: ಸುಮಾರು 8
ಈ) ಅಲ್ಯೂಮಿನಿಯಂ ಆಕ್ಸೈಡ್: ಸುಮಾರು 9
ಉ) ಸತುವಿನ ಆಕ್ಸೈಡ್: ಸುಮಾರು 9
ಊ) ಮೆಗ್ನೀಸಿಯಂ ಆಕ್ಸೈಡ್: ಸುಮಾರು 12

ತಯಾರಿಕೆಯ ವಿಧಾನ ಮತ್ತು ಶುದ್ಧತೆಗೆ ಅನುಗುಣವಾಗಿ ಈ ಮೌಲ್ಯಗಳಲ್ಲಿ ವ್ಯತ್ಯಾಸವಿರುತ್ತದೆ. ಆಮ್ಲೀಯ ಗುಂಪುಗಳುಳ್ಳ ಅಂಟು ಕ್ಷಾರೀಯ ಆಕ್ಸೈಡಿಗೂ, ಕ್ಷಾರೀಯ ಗುಂಪುಗಳುಳ್ಳ ಅಂಟು ಆಮ್ಲೀಯ ಆಕ್ಸೈಡಿಗೂ ಹೆಚ್ಚು ಒಲಿಯುತ್ತದೆ ಎಂಬುದು ಸಾಮಾನ್ಯ ನಿಯಮ. ಗಾಜಿಗೆ ಚೆನ್ನಾಗಿ ಹಿಡಿದ ಅಂಟು ಅಲ್ಯೂಮಿನಿಯಂಗೂ ಹಾಗೆಯೇ ಹಿಡಿಯುತ್ತದೆಂದು ಭಾವಿಸಲಾಗದು ಎಂಬುದಕ್ಕೆ ಇದೂ ಒಂದು ಕಾರಣ.

ಆದರೆ ಈ ಒಲವು ಮಿತಿಮೀರಿದಾಗ ಹಾನಿಯೂ ಆಗುತ್ತದೆ. ಜಿ.ಐ. ಶೀಟು ಇದಕ್ಕೆ ನಿದರ್ಶನ. ಸಾಮಾನ್ಯ ಎನಾಮಲ್ ಬಣ್ಣಗಳಲ್ಲಿರುವ ಎಣ್ಣೆಯ ಅಂಶದಿಂದ ಕಾಲಕ್ರಮೇಣ ಕೊಬ್ಬಿನ ಆಮ್ಲಗಳು ಹೊರಬರುತ್ತವೆ. ಅವು ಶೀಟಿನ ಮೇಲಿರುವ ಕ್ಷಾರೀಯ ಸತು ಸಂಯುಕ್ತಗಳೊಡನೆ ಸೇರಿ ಸತುವಿನ ಸಾಬೂನು ಆಗುತ್ತವೆ. ಬಣ್ಣ ಮತ್ತು ಶೀಟಿನ ನಡುವೆ ಸಾಬೂನಿನ ಪದರ ಬೆಳೆದ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಂದೆರಡು ವರ್ಷಗಳಲ್ಲಿ ಹಪ್ಪಳದಂತೆ ಎದ್ದುಬರುತ್ತದೆ. ಆದುದರಿಂದ ಜಿ.ಐ. ಶೀಟಿಗೆ ಎನಾಮಲ್ ಬಣ್ಣವನ್ನು ನೇರವಾಗಿ ಹಚ್ಚಬಾರದು. ಸತುವಿನ ಲೇಪಕ್ಕೆಂದೇ ತಯಾರಿಸಿದ ಪ್ರೈಮರನ್ನು ಮೊದಲು ಹಚ್ಚುವುದು ಅವಶ್ಯ.

4. ನೀರಿನ ಪಾತ್ರ

ಅಂಟು ಮತ್ತು ಆಕ್ಸೈಡನ್ನು ಬೇರ್ಪಡಿಸಲು ಬೇಕಾಗುವ ಶಕ್ತಿಯನ್ನು ಮೇಲ್ಮೈಗಳ ಗುಣಗಳಿಂದ ಲೆಕ್ಕ ಹಾಕಬಹುದು. 1970ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಗ್ಲೆಡ್‌ಹಿಲ್ ಮತ್ತು ಕಿನ್ಲಾಕ್ ಅವರು ಎಪಾಕ್ಸಿ ಅಂಟು ಹಾಗೂ ಕಬ್ಬಿಣದ ಆಕ್ಸೈಡಿನ ಜೋಡಿಗೆ ಇಂತಹ ಲೆಕ್ಕವನ್ನು ಮಾಡಿದರು. ಒಣ ಗಾಳಿಯಲ್ಲಿ ಈ ಮೌಲ್ಯವು ಪ್ರತಿ ಚದರ ಮೀಟರಿಗೆ 291 ಮಿಲಿಜೂಲ್ ಬಂದಿತು. ನೀರಿನಲ್ಲಿ ಅದೇ ಮೌಲ್ಯವು ಋಣ 255 ಮಿಲಿಜೂಲ್ ಬಂದಿತು.

ಲೆಕ್ಕಪತ್ರ ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಒಣ ಸ್ಥಿತಿಯಲ್ಲಿ ಜೋಡಣೆಯ ಖಾತೆಯಲ್ಲಿ 291 ಜಮೆ ಇದೆ. ಅಷ್ಟನ್ನು ಹೊರಗಿನಿಂದ ವೆಚ್ಚ ಮಾಡದೆ ಬಿಡಿಸಲಾಗದು. ನೀರು ನಡುವೆ ಸೇರಿದ ಕೂಡಲೇ ಜಮೆ ಹೋಗಿ 255 ಬಾಕಿ ನಿಲ್ಲುತ್ತದೆ. ಅಂದರೆ ಜೋಡಣೆ ಬಿಡಲು ಹೊರಗಿನ ಬಲವೇ ಬೇಕಾಗಿಲ್ಲ. ಸಮಯ ಸಿಕ್ಕರೆ ಸಾಕು. ಆಕ್ಸೈಡಿಗೆ ಅಂಟಿಗಿಂತ ನೀರಿನ ಮೇಲೆ ಒಲವು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ನೀರು ಜೋಡಣೆಯ ಅಂಚಿನಿಂದಲೂ, ಅಂಟಿನ ಒಡಲ ಮೂಲಕವೂ ನಿಧಾನವಾಗಿ ಒಳಸೇರಿ, ಹೈಡ್ರಾಕ್ಸಿಲ್ ಗುಂಪುಗಳನ್ನು ಹಿಡಿದಿದ್ದ ಅಂಟನ್ನು ಪಕ್ಕಕ್ಕೆ ಸರಿಸಿ ತಾನು ಆ ಸ್ಥಾನವನ್ನು ಪಡೆಯುತ್ತದೆ.

ಎಪಾಕ್ಸಿ ಮತ್ತು ಅಲ್ಯೂಮಿನಿಯಂ ಆಕ್ಸೈಡಿನ ಜೋಡಿಗೂ ಇದೇ ಲೆಕ್ಕ ಬರುತ್ತದೆ: ಒಣಗಿದಾಗ 232, ನೀರಿನಲ್ಲಿ ಋಣ 137. ಆದರೆ ಆಕ್ಸೈಡ್ ಮೇಲ್ಮೈ ಇಲ್ಲದ, ಇಂಗಾಲದ ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಚ್ಚಿದಾಗ ನೀರಿನಲ್ಲಿಯೂ ಮೌಲ್ಯವು ಧನಾತ್ಮಕವಾಗಿಯೇ ಉಳಿಯುತ್ತದೆ. ನೀರಿನಿಂದಾಗುವ ಈ ತೊಂದರೆಗೆ ಆಕ್ಸೈಡ್ ಮೇಲ್ಮೈಯೇ ಕಾರಣವೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ತೇವವು ತಲುಪಿದಾಗ ಗಟ್ಟಿಯಾದ ಆಕ್ಸೈಡ್ ಪದರವು ನೀರನ್ನು ಹೀರಿ ಬೇರೆ ರೂಪದ ಜಲಯುತ ಆಕ್ಸೈಡ್ ಆಗಿ ಉಬ್ಬುತ್ತದೆ. ಈ ಹೊಸ ಪದರವು ಲೋಹವನ್ನು ಸಡಿಲವಾಗಿ ಹಿಡಿದಿರುವುದರಿಂದ, ಅಂಟು ಆಕ್ಸೈಡನ್ನು ಬಿಡದಿದ್ದರೂ ಆಕ್ಸೈಡೇ ಲೋಹವನ್ನು ಬಿಟ್ಟು ಬರುತ್ತದೆ.

ಇಂತಹ ಜೋಡಣೆಯನ್ನು ಮೊದಲ ದಿನ ಎಳೆದು ಪರೀಕ್ಷಿಸಿದರೆ ಪೂರ್ಣ ಬಲವನ್ನೇ ತೋರಿಸಬಹುದು. ಸರಿಯಾಗಿ ಸಿದ್ಧಪಡಿಸಿದ ಮತ್ತು ಸಿದ್ಧಪಡಿಸದ ಜೋಡಣೆಗಳ ನಡುವಿನ ವ್ಯತ್ಯಾಸವು ತೇವದಲ್ಲಿ ತಿಂಗಳು, ವರ್ಷಗಳು ಕಳೆದ ಮೇಲೆ ಮಾತ್ರ ಬಯಲಾಗುತ್ತದೆ.

5. ಒಂದು ನೈಜ ಪ್ರಕರಣ: 1988ರ ವಿಮಾನ ಅಪಘಾತ

ಲೋಹದ ರಚನೆಗಳಲ್ಲಿ ಅಂಟಿನ ಬಳಕೆ ಹೊಸದೇನಲ್ಲ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅವರು 1941ರಲ್ಲಿ ರೂಪಿಸಿದ ರೀಡಕ್ಸ್ ಎಂಬ ಅಂಟು ವಿಮಾನಗಳ ಲೋಹಭಾಗಗಳನ್ನು ಜೋಡಿಸಲು ಬಳಕೆಗೆ ಬಂದಿತು. ದ್ರವರೂಪದ ರಾಳವನ್ನು ಹಚ್ಚಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕಿನ ಪುಡಿಯನ್ನು ಉದುರಿಸಿ, ಶಾಖ ಮತ್ತು ಒತ್ತಡ ನೀಡಿ ಗಟ್ಟಿಗೊಳಿಸುವ ವಿಧಾನ ಇದಾಗಿತ್ತು. ತರುವಾಯದ ವರ್ಷಗಳಲ್ಲಿ ಶಾಖವಿಲ್ಲದೆ ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗುವ ಅಂಟುಗಳೂ ಬಳಕೆಗೆ ಬಂದವು.

ದಿನಾಂಕ 28-04-1988ರಂದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವು 24,000 ಅಡಿ ಎತ್ತರದಲ್ಲಿದ್ದಾಗ, ಅದರ ಮುಂಭಾಗದ ಮೇಲ್ಚಾವಣಿಯ ಸುಮಾರು 18 ಅಡಿ ಉದ್ದದ ಭಾಗವು ಕಿತ್ತುಹೋಯಿತು. ವಿಮಾನದಲ್ಲಿ 95 ಜನರಿದ್ದರು. ವಿಮಾನ ಪರಿಚಾರಕಿಯೊಬ್ಬರು ಹೊರಕ್ಕೆ ಸೆಳೆಯಲ್ಪಟ್ಟು ಮೃತಪಟ್ಟರು. ಎಂಟು ಮಂದಿ ತೀವ್ರವಾಗಿ ಗಾಯಗೊಂಡರು. ಪೈಲಟ್‌ಗಳು ಮಾವಿ ದ್ವೀಪದ ಕಹುಲುಯಿ ನಿಲ್ದಾಣದಲ್ಲಿ ವಿಮಾನವನ್ನು ಇಳಿಸುವಲ್ಲಿ ಯಶಸ್ವಿಯಾದರು.

1969ರಲ್ಲಿ ತಯಾರಾಗಿದ್ದ ಸದರಿ ವಿಮಾನವು ಅಂದಿಗೆ 89,680 ಬಾರಿ ಹಾರಾಟ ನಡೆಸಿತ್ತು. ಅದರ ಹೊರಮೈಯ ಅಲ್ಯೂಮಿನಿಯಂ ತಗಡುಗಳ ಅಂಚುಗಳನ್ನು ಒಂದರ ಮೇಲೊಂದು ಇರಿಸಿ, ನಡುವೆ ಎಪಾಕ್ಸಿಯಲ್ಲಿ ನೆನೆಸಿದ ಬಟ್ಟೆಯನ್ನು ಹಾಕಿ, ಮೂರು ಸಾಲು ರಿವೆಟ್‌ಗಳಿಂದ ಬಿಗಿಯಲಾಗಿತ್ತು. ಈ ಅಂಟು ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗುವಂತಹುದು. ಹೊರೆಯು ಮುಖ್ಯವಾಗಿ ಅಂಟಿನ ಮೂಲಕವೇ ಒಂದು ತಗಡಿನಿಂದ ಇನ್ನೊಂದಕ್ಕೆ ಸಾಗಬೇಕೆಂಬುದು ವಿನ್ಯಾಸದ ಉದ್ದೇಶವಾಗಿತ್ತು.

ಅಂಟು ಸವರಿದ ಬಟ್ಟೆಯನ್ನು ಬಳಸುವವರೆಗೆ ಶೀತಲದಲ್ಲಿ ಇರಿಸಬೇಕಾಗಿತ್ತು. ಹೊರತೆಗೆದಾಗ ಅದರ ಮೇಲೆ ಗಾಳಿಯ ತೇವ ಹನಿಗಟ್ಟುವ ಸಾಧ್ಯತೆಯಿತ್ತು. ಹೆಚ್ಚು ಹೊತ್ತು ಹೊರಗಿಟ್ಟರೆ ಜೋಡಿಸುವ ಮೊದಲೇ ಅಂಟು ಗಟ್ಟಿಯಾಗತೊಡಗುತ್ತಿತ್ತು. ಇದರೊಡನೆ ತಗಡಿನ ಮೇಲ್ಮೈ ಸಿದ್ಧತೆಯ ಕೊರತೆಯೂ ಸೇರಿ, ಆ ಅವಧಿಯ ವಿಮಾನಗಳಲ್ಲಿ ಅಲ್ಲಲ್ಲಿ ತೇವವನ್ನು ತಾಳದ ದುರ್ಬಲ ಜೋಡಣೆಗಳು ಉಂಟಾಗಿದ್ದವು. ತಯಾರಕರು 1972ರಲ್ಲಿ ಈ ವಿಧಾನವನ್ನು ಕೈಬಿಟ್ಟಿದ್ದರು. ಆದರೆ ಅದಕ್ಕೆ ಮೊದಲು ತಯಾರಾದ ವಿಮಾನಗಳು ಹಾರಾಟದಲ್ಲಿ ಮುಂದುವರಿದಿದ್ದವು. ದ್ವೀಪಗಳ ನಡುವೆ ಹಾರುತ್ತಿದ್ದ ಸದರಿ ವಿಮಾನವು ಸಮುದ್ರದ ಉಪ್ಪು ಮತ್ತು ತೇವದ ಗಾಳಿಯಲ್ಲಿಯೇ ಇರುತ್ತಿತ್ತು.

ಅಂಟು ಬಿಟ್ಟ ಕಡೆಗಳಲ್ಲಿ ಹೊರೆಯೆಲ್ಲವೂ ರಿವೆಟ್‌ಗಳ ಮೇಲೆ ಬಿದ್ದಿತು. ರಿವೆಟ್‌ನ ತಲೆ ತಗಡಿನ ಮಟ್ಟದಲ್ಲಿ ಕುಳಿತುಕೊಳ್ಳಲೆಂದು ಕೊರೆದ ರಂಧ್ರಗಳ ಅಂಚು ಚಾಕುವಿನಂತೆ ತೆಳುವಾಗಿತ್ತು. ಪ್ರತಿ ಹಾರಾಟದಲ್ಲಿಯೂ ಒಳಗಿನ ಗಾಳಿಯ ಒತ್ತಡ ಏರಿ ಇಳಿದಂತೆ ಆ ಅಂಚುಗಳಲ್ಲಿ ಸಣ್ಣ ಬಿರುಕುಗಳು ಬೆಳೆದವು. ಕೊನೆಗೆ ಅವೆಲ್ಲ ಒಂದಾಗಿ ತಗಡು ಸೀಳಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 1989ರಲ್ಲಿ ನೀಡಿದ ವರದಿಯಲ್ಲಿ, ಅಂಟು ಬಿಟ್ಟಿರುವುದನ್ನೂ ಬಿರುಕುಗಳನ್ನೂ ವಿಮಾನ ಸಂಸ್ಥೆಯ ನಿರ್ವಹಣಾ ವ್ಯವಸ್ಥೆಯು ಪತ್ತೆಹಚ್ಚಲು ವಿಫಲವಾದುದೇ ಅಪಘಾತದ ಸಂಭವನೀಯ ಕಾರಣವೆಂದು ತಿಳಿಸಿತು.

ವಿಮಾನವನ್ನು ಹತ್ತುವಾಗ ಪ್ರಯಾಣಿಕರೊಬ್ಬರು ಬಾಗಿಲ ಬಳಿ ಹೊರಮೈಯಲ್ಲಿ ಬಿರುಕನ್ನು ಕಂಡಿದ್ದರು. ಆದರೆ ಯಾರಿಗೂ ತಿಳಿಸಿರಲಿಲ್ಲ ಎಂಬುದೂ ತನಿಖೆಯಲ್ಲಿ ದಾಖಲಾಗಿದೆ. ಸಾರ್ವಜನಿಕ ವಾಹನ, ಸೇತುವೆ ಅಥವಾ ಕಟ್ಟಡಗಳಲ್ಲಿ ಬಿರುಕು ಕಂಡುಬಂದಲ್ಲಿ ಸಂಬಂಧಪಟ್ಟವರಿಗೆ ಕೂಡಲೇ ತಿಳಿಸುವುದು ಪ್ರತಿಯೊಬ್ಬರ ಹೊಣೆಯಾಗಿರುತ್ತದೆ.

6. ಮೇಲ್ಮೈ ಸಿದ್ಧತೆಯ ಹಂತಗಳು

ವಿಮಾನಕ್ಕಾಗಲಿ ಮನೆಯ ಗ್ರಿಲ್‌ಗಾಗಲಿ ತತ್ವ ಒಂದೇ. ಸಡಿಲವಾದುದನ್ನು ತೆಗೆಯುವುದು, ಜಿಡ್ಡನ್ನು ತೊಳೆಯುವುದು, ಗಟ್ಟಿಯಾದ ಹೊಸ ಆಕ್ಸೈಡ್ ಅಥವಾ ಇತರ ರಕ್ಷಣಾ ಪದರವನ್ನು ಬೆಳೆಸುವುದು ಮತ್ತು ಅದು ಕೆಡುವ ಮೊದಲೇ ಮುಚ್ಚುವುದು. ಹಂತಗಳು ಈ ಕೆಳಕಂಡಂತೆ ಇರುತ್ತವೆ:

ಅ) ಜಿಡ್ಡು ತೆಗೆಯುವುದು: ಉಜ್ಜುವ ಮೊದಲೇ ಜಿಡ್ಡನ್ನು ತೆಗೆಯತಕ್ಕದ್ದು. ಜಿಡ್ಡಿರುವಾಗಲೇ ಎಮರಿ ಕಾಗದದಿಂದ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ.

ಆ) ಉಜ್ಜುವುದು: ತುಕ್ಕು ಮತ್ತು ಸಡಿಲ ಪದರವನ್ನು ತಂತಿ ಬ್ರಷ್ ಅಥವಾ ಎಮರಿ ಕಾಗದದಿಂದ ಪೂರ್ಣವಾಗಿ ತೆಗೆದು, ಪುಡಿಯನ್ನು ಒರೆಸತಕ್ಕದ್ದು.

ಇ) ರಾಸಾಯನಿಕ ಸಂಸ್ಕರಣೆ: ಕಬ್ಬಿಣಕ್ಕೆ ಫಾಸ್ಫೇಟ್ ಪದರ ನೀಡುವುದು ರೂಢಿ. ಪೌಡರ್ ಕೋಟಿಂಗ್ ಘಟಕಗಳಲ್ಲಿರುವ ಏಳು ತೊಟ್ಟಿಗಳ ವಿಧಾನದ ಉದ್ದೇಶವೂ ಇದೇ. ವಿಮಾನದ ಅಲ್ಯೂಮಿನಿಯಂ ಭಾಗಗಳಿಗೆ ಫಾಸ್ಫಾರಿಕ್ ಆಮ್ಲದಲ್ಲಿ ವಿದ್ಯುತ್ ಹಾಯಿಸಿ ಆನೊಡೈಸಿಂಗ್ ಮಾಡಲಾಗುತ್ತದೆ. ಇದರಿಂದ ಜೇನುಗೂಡಿನಂತೆ ರಂಧ್ರಗಳಿರುವ ಆಕ್ಸೈಡ್ ಬೆಳೆದು, ಅಂಟು ಅದರೊಳಗೆ ಇಳಿದು ಬೇರೂರುತ್ತದೆ. ಆಕ್ಸೈಡಿನಲ್ಲಿ ಉಳಿದ ಫಾಸ್ಫೇಟ್ ಅಂಶವು ತೇವದ ದಾಳಿಯನ್ನೂ ನಿಧಾನಗೊಳಿಸುತ್ತದೆ.

ಈ) ತೊಳೆದು ಒಣಗಿಸುವುದು: ಆಮ್ಲದ ಶೇಷ ಉಳಿಯದಂತೆ ಶುದ್ಧ ನೀರಿನಲ್ಲಿ ತೊಳೆದು ಪೂರ್ಣವಾಗಿ ಒಣಗಿಸತಕ್ಕದ್ದು. ಅನಂತರ ಬರಿಗೈಯಿಂದ ಮುಟ್ಟಬಾರದು.

ಉ) ಪ್ರೈಮರ್: ಸಿದ್ಧಗೊಂಡ ಮೇಲ್ಮೈಗೆ ತಡಮಾಡದೆ, ಸಾಧ್ಯವಾದಷ್ಟು ಮಟ್ಟಿಗೆ ಅದೇ ದಿನ, ಪ್ರೈಮರ್ ಹಚ್ಚತಕ್ಕದ್ದು.

ಮೇಲ್ಮೈಯು ಶುದ್ಧವಾಗಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ತಗಡಿನ ಮೇಲೆ ಶುದ್ಧ ನೀರನ್ನು ಸುರಿದು ಓರೆಯಾಗಿ ಹಿಡಿಯಬೇಕು. ನೀರು ಒಡೆಯದೆ ಒಂದೇ ಪದರವಾಗಿ ಹರಡಿ ನಿಂತರೆ ಮೇಲ್ಮೈ ಜಿಡ್ಡಿನಿಂದ ಮುಕ್ತವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾದರೆ ಜಿಡ್ಡು ಉಳಿದಿದೆ ಎಂದರ್ಥ. ಪರೀಕ್ಷೆಯ ನಂತರ ತಗಡನ್ನು ಒಣಗಿಸುವುದನ್ನು ಮರೆಯಬಾರದು.

ಜೋಡಣೆಯ ಬಾಳಿಕೆಯನ್ನು ತಿಳಿಯಲು ಉದ್ಯಮದಲ್ಲಿ ಬೆಣೆ ಪರೀಕ್ಷೆ ಬಳಕೆಯಲ್ಲಿದೆ. ಅಂಟಿಸಿದ ಎರಡು ಪಟ್ಟಿಗಳ ನಡುವೆ ಬೆಣೆಯೊಂದನ್ನು ಹೊಡೆದು, ಬಿರುಕು ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಮಾಡಿ, ಬೆಚ್ಚಗಿನ ತೇವದ ಗಾಳಿಯಲ್ಲಿ ಇರಿಸಲಾಗುತ್ತದೆ. ಸಿದ್ಧತೆ ಸರಿಯಿದ್ದರೆ ಬಿರುಕು ಹೆಚ್ಚು ಮುಂದುವರಿಯುವುದಿಲ್ಲ. ಸಿದ್ಧತೆ ಕೆಟ್ಟಿದ್ದರೆ ಕೆಲವೇ ಗಂಟೆಗಳಲ್ಲಿ ಬಹುದೂರ ಓಡುತ್ತದೆ. ಬರಿಯ ಎಳೆತದ ಪರೀಕ್ಷೆಯಲ್ಲಿ ಕಾಣದ ದೋಷ ಇದರಲ್ಲಿ ಕಾಣಿಸುತ್ತದೆ.

7. ಅಂಟು ಮತ್ತು ಬಣ್ಣಗಳಲ್ಲಿ ಸೇರಿಸುವ ಆಕ್ಸೈಡ್ ಪುಡಿಗಳು

ಆಕ್ಸೈಡುಗಳು ತಗಡಿನ ಮೇಲೆ ಮಾತ್ರವಲ್ಲದೆ, ಅಂಟು ಮತ್ತು ಬಣ್ಣಗಳ ಒಳಗೂ ಪುಡಿಯ ರೂಪದಲ್ಲಿ ಇರುತ್ತವೆ. ಅಲ್ಲಿಯೂ ಅವುಗಳ ಮೇಲ್ಮೈಯ ಗುಣವೇ ಫಲಿತಾಂಶವನ್ನು ನಿರ್ಧರಿಸುತ್ತದೆ.

ಹಳೆಯ ಮನೆಗಳ ಕೆಂಪು ನೆಲಕ್ಕೆ ಬಳಸುತ್ತಿದ್ದ ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡಿನ ಪುಡಿಯೇ. ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಪ್ರೈಮರಿನಲ್ಲಿರುವುದೂ ಅದೇ. ತುಕ್ಕು ಕೂಡ ಕಬ್ಬಿಣದ ಆಕ್ಸೈಡ್ ವರ್ಗಕ್ಕೇ ಸೇರಿದ್ದು. ಆದರೆ ತುಕ್ಕು ನೀರನ್ನು ಹಿಡಿದಿಟ್ಟುಕೊಂಡ ಸಡಿಲ ಪದರ; ಪ್ರೈಮರಿನ ಪುಡಿಯಾದರೋ ಸ್ಥಿರವಾದ ಕಣಗಳಾಗಿ ರಾಳದಲ್ಲಿ ಬಿಗಿಯಾಗಿ ಹುದುಗಿರುತ್ತದೆ. ಆದ್ದರಿಂದ ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಹಚ್ಚಿದರೆ ತುಕ್ಕು ವಾಸಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ.

ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನಲ್ಲಿ ತನ್ನ ಸುತ್ತಲಿನ ರಾಳವನ್ನು ಒಡೆಯುವ ಕ್ರಿಯೆಯನ್ನು ಪ್ರಚೋದಿಸುತ್ತದೆ. ಗೋಡೆಯನ್ನು ಸವರಿದಾಗ ಕೈಗೆ ಬಿಳಿ ಪುಡಿ ಹತ್ತುವುದಕ್ಕೆ ಇದೂ ಒಂದು ಕಾರಣ. ಇದನ್ನು ತಡೆಯಲು ಹೊರಾಂಗಣ ಬಣ್ಣಗಳ ಪುಡಿಯ ಪ್ರತಿ ಕಣಕ್ಕೂ ಸಿಲಿಕಾ ಹಾಗೂ ಅಲ್ಯೂಮಿನಾದ ತೆಳುಲೇಪ ನೀಡಲಾಗಿರುತ್ತದೆ. ಒಳಾಂಗಣದ ಬಣ್ಣವನ್ನು ಹೊರಗೋಡೆಗೆ ಬಳಸಬಾರದೆಂದು ಹೇಳುವುದರ ಹಿಂದೆ ಇಂತಹ ಕಾರಣಗಳಿವೆ.

ಗಾಜಿನ ನಾರು ಮತ್ತು ರಾಳದಿಂದ ತಯಾರಿಸುವ ದೋಣಿ ಹಾಗೂ ತೊಟ್ಟಿಗಳಲ್ಲಿ ನೀರಿನ ತೊಂದರೆಯನ್ನು ಎದುರಿಸಲು ಸಿಲೇನ್ ಎಂಬ ಸಂಯುಕ್ತಗಳನ್ನು ಬಳಸುತ್ತಾರೆ. ಸಿಲೇನ್ ಅಣುವಿನ ಒಂದು ತುದಿ ಆಕ್ಸೈಡಿನ ಹೈಡ್ರಾಕ್ಸಿಲ್ ಗುಂಪುಗಳೊಡನೆ ರಾಸಾಯನಿಕವಾಗಿ ಸೇರುತ್ತದೆ. ಇನ್ನೊಂದು ತುದಿ ರಾಳದೊಡನೆ ಬೆಸೆದುಕೊಳ್ಳುತ್ತದೆ. ಅಂಟು ಕೇವಲ ಒಲವಿನಿಂದ ಹಿಡಿದಿದ್ದಾಗ ನೀರು ಅದನ್ನು ಸುಲಭವಾಗಿ ಸರಿಸುತ್ತಿತ್ತು. ರಾಸಾಯನಿಕ ಬಂಧವನ್ನು ಅಷ್ಟು ಸುಲಭವಾಗಿ ಸರಿಸಲಾರದು.

ಆಕ್ಸೈಡ್ ಪುಡಿಗಳನ್ನು ಬಳಸುವ ಘಟಕಗಳು ಅವನ್ನು ಮುಚ್ಚಿದ ಡಬ್ಬಗಳಲ್ಲಿ ಇರಿಸತಕ್ಕದ್ದು. ಮಳೆಗಾಲದಲ್ಲಿ ತೆರೆದಿಟ್ಟ ಪುಡಿಯು ತನ್ನ ವಿಶಾಲ ಮೇಲ್ಮೈಯ ಮೇಲೆ ತೇವವನ್ನು ಸಂಗ್ರಹಿಸಿ, ಅದನ್ನು ಅಂಟಿನೊಳಗೆ ಕೊಂಡೊಯ್ಯುತ್ತದೆ.

8. ಸುರಕ್ಷತೆ ಮತ್ತು ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಆಮ್ಲದಿಂದ ಲೋಹ ತೊಳೆಯುವ, ಫಾಸ್ಫೇಟ್ ಅಥವಾ ಆನೊಡೈಸಿಂಗ್ ಮಾಡುವ ಘಟಕಗಳು ಜಲ ಕಾಯ್ದೆ 1974 ಹಾಗೂ ವಾಯು ಕಾಯ್ದೆ 1981ರ ವ್ಯಾಪ್ತಿಗೆ ಬರುತ್ತವೆ. ಇಂತಹ ಘಟಕಗಳಿಗೆ ಅರ್ಜಿ ಸಲ್ಲಿಸುವವರು ತೊಳೆದ ನೀರಿನ ಸಂಸ್ಕರಣೆಯ ವ್ಯವಸ್ಥೆಯನ್ನು ಯೋಜನೆಯಲ್ಲಿಯೇ ಸೇರಿಸಿಕೊಂಡು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಮ್ಮತಿಯ ಬಗ್ಗೆ ವಿಚಾರಿಸತಕ್ಕದ್ದು.

ಆ) ಷಡ್ವೇಲೆನ್ಸಿ ಕ್ರೋಮಿಯಂ ಇರುವ ಕ್ರೋಮೇಟ್ ದ್ರಾವಣಗಳು ಮತ್ತು ಪ್ರೈಮರ್‌ಗಳು ಕ್ಯಾನ್ಸರ್‌ಕಾರಕವಾಗಿವೆ. ಇವುಗಳನ್ನು ಚರಂಡಿಗೆ ಅಥವಾ ನೆಲಕ್ಕೆ ಬಿಡುವಂತಿಲ್ಲ. ಸಾಧ್ಯವಿರುವ ಕಡೆ ಕ್ರೋಮೇಟ್ ಇಲ್ಲದ ಬದಲಿ ವಿಧಾನವನ್ನು ಆಯ್ಕೆ ಮಾಡಿಕೊಳ್ಳುವುದು ಸೂಕ್ತ.

ಇ) ಸಿಲಿಕಾಯುಕ್ತ ಮರಳನ್ನು ಚಿಮ್ಮಿಸಿ ಲೋಹವನ್ನು ಉಜ್ಜುವುದರಿಂದ ಹಾಗೂ ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವುದರಿಂದ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಕೆಲಸಗಾರರಿಗೆ ಸೂಕ್ತ ಮುಖಗವಸು ಒದಗಿಸುವುದು ಮಾಲೀಕರ ಹೊಣೆ.

ಈ) ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂದು 2016ರ ಕೇಂದ್ರ ನಿಯಮಗಳು ವಿಧಿಸಿದ್ದು, ಅವು ದಿನಾಂಕ 01-11-2017ರಿಂದ ಜಾರಿಗೆ ಬಂದಿವೆ. ಅದಕ್ಕೆ ಹಿಂದಿನ ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ, ಉಜ್ಜುವಾಗ ಮಕ್ಕಳನ್ನು ದೂರವಿರಿಸಿ, ನೀರು ಹಾಕಿ ಉಜ್ಜತಕ್ಕದ್ದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಜೋಡಣೆ ಹೆಚ್ಚು ಗಟ್ಟಿಯಾಗುತ್ತದೆಯೇ?
ಉತ್ತರ: ಇಲ್ಲ. ತಯಾರಕರು ತಿಳಿಸಿದ ಪ್ರಮಾಣದಲ್ಲಿಯೇ ಬೆರೆಸತಕ್ಕದ್ದು. ಹೆಚ್ಚಾದ ಭಾಗವು ಕ್ರಿಯೆಯಲ್ಲಿ ಭಾಗವಹಿಸದೆ ಉಳಿದು ಅಂಟನ್ನು ದುರ್ಬಲಗೊಳಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಗ್ರಿಲ್‌ಗೆ ಬಣ್ಣ ಹಚ್ಚಬಹುದೇ?
ಉತ್ತರ: ಒಣಹವೆಯ ದಿನಗಳಲ್ಲಿ ಹಚ್ಚುವುದು ಉತ್ತಮ. ಬೆಳಗಿನ ಇಬ್ಬನಿ ಆರಿದ ನಂತರ ಪ್ರಾರಂಭಿಸಿ, ಸಂಜೆಯ ತಂಪಿಗೆ ಮೊದಲು ಮುಗಿಸತಕ್ಕದ್ದು.

ಪ್ರಶ್ನೆ: ಮೇಲ್ಮೈ ಸಿದ್ಧತೆಯನ್ನು ಬಿಟ್ಟು ಉತ್ತಮ ಅಂಟನ್ನು ಬಳಸಿದರೆ ಸಾಲದೇ?
ಉತ್ತರ: ಸಾಲದು. ಮೇಲೆ ವಿವರಿಸಿದಂತೆ, ಜೋಡಣೆಯು ಅಂಟಿನ ಒಡಲಲ್ಲಿ ಗಟ್ಟಿಯಾಗಿದ್ದರೂ ಆಕ್ಸೈಡಿನ ಗಡಿಯಲ್ಲಿ ನೀರಿಗೆ ಸೋಲುತ್ತದೆ.

ಪ್ರಶ್ನೆ: ಕೆಲಸವನ್ನು ಗುತ್ತಿಗೆಗೆ ನೀಡಿದಾಗ ಏನನ್ನು ಪರಿಶೀಲಿಸಬೇಕು?
ಉತ್ತರ: ಅಂಟು ಅಥವಾ ಪ್ರೈಮರ್ ಹಚ್ಚುವ ಮೊದಲು ಮೇಲ್ಮೈಯನ್ನು ತೋರಿಸುವಂತೆ ಕರಾರಿನಲ್ಲಿಯೇ ಷರತ್ತು ಹಾಕತಕ್ಕದ್ದು. ನೀರಿನ ಪದರ ಪರೀಕ್ಷೆಯನ್ನು ಎದುರಿನಲ್ಲಿಯೇ ಮಾಡಿಸಬಹುದು. ಹಚ್ಚಿದ ನಂತರ ಎಲ್ಲ ಕೆಲಸಗಳೂ ಒಂದೇ ರೀತಿ ಕಾಣುತ್ತವೆ.

ಈ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇರುತ್ತದೆ. ಹೊರೆ ಹೊರುವ ಅಥವಾ ಪ್ರಾಣರಕ್ಷಣೆಗೆ ಸಂಬಂಧಿಸಿದ ಜೋಡಣೆಗಳನ್ನು ಅರ್ಹ ತಂತ್ರಜ್ಞರ ಸಲಹೆಯಿಲ್ಲದೆ ಮಾಡಬಾರದು. ಘಟಕ ಸ್ಥಾಪನೆಗೆ ಸಂಬಂಧಿಸಿದ ಮಾರ್ಗದರ್ಶನಕ್ಕಾಗಿ ಅರ್ಜಿದಾರರು ತಮ್ಮ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.